ಪುಕ್ಕಟೆ ಶ್ರುತಿ

ಲ್ಯಾಪ್‌ಟಾಪಿನ ಮುಚ್ಚಳ ಎತ್ತಿದ್ದೇ ತಡ, ಕಿವಿ ಕೇಳಿಸುವ ಮಷೀನಿನ ಜಾಹೀರಾತು ಪರದೆ ತುಂಬ ಹರಡಿಕೊಂಡಿತು. ಮುಚ್ಚಿದರೆ ಇನ್ನೊಂದು, ಅದನ್ನು ಮುಚ್ಚಿದರೆ ಮತ್ತೆರಡು. ಎಲ್ಲವೂ ಕಿವಿಯವೇ. ಪಿಯಾನೋ ಶ್ರುತಿ ಮಾಡುವವನ ಮುಖ ಸಣ್ಣದಾಯಿತು.

"ಒಂದು ವಾರದಿಂದ ಇದೇ ಕಾಟ," ಅಂದ, ಮೇಜಿನಾಚೆ ಕೂತಿದ್ದ ತಂಗಿಗೆ. ಅವಳದು ಕಂಪ್ಯೂಟರ್ ರಿಪೇರಿ ಅಂಗಡಿ. "ನಾಳೆ ಶಾಲೆ ಪಿಯಾನೋ ಕೆಲಸ ಇದೆ. ಬೇಗ ತೆಗೆದುಬಿಡು."

ವರ್ಷದಿಂದ ಅವನ ಎಡಗಿವಿ ಕೈಕೊಟ್ಟಿತ್ತು. ಬಲಗಿವಿಯೊಂದರಲ್ಲೇ ದಿನ ದೂಡುತ್ತಿದ್ದ. ಸೂಕ್ಷ್ಮ ಸ್ವರಗಳು ತಪ್ಪುತ್ತಿದ್ದವು. ಕಿವಿಯನ್ನೇ ನಂಬಿ ಅನ್ನ ತಿನ್ನುವವನ ಕಿವಿ ಹೋಗಿದೆ ಎಂದು ತಿಳಿದರೆ ಯಾರು ಕರೆದಾರು? ಹೆಂಡತಿಗೂ ಹೇಳಿರಲಿಲ್ಲ. ಸ್ವರ ಸರಿಯಿದೆಯೋ ಇಲ್ಲವೋ ಎಂದು ಪರದೆಯ ಮೇಲೆ ಮುಳ್ಳು ಆಡಿಸಿ ತೋರಿಸುವ ಸಾಫ್ಟ್‌ವೇರೊಂದನ್ನು ಗುಟ್ಟಾಗಿ ಇಳಿಸಿಕೊಂಡಿದ್ದ.

ತಂಗಿ ಲ್ಯಾಪ್‌ಟಾಪನ್ನು ತನ್ನ ಕಡೆ ತಿರುಗಿಸಿಕೊಂಡು ಆ ಸಾಫ್ಟ್‌ವೇರಿನ ಮೇಲೆ ಬೆರಳಿಟ್ಟಳು. "ಇದನ್ನ ಎಲ್ಲಿಂದ ಇಳಿಸ್ಕೊಂಡೆ?"

"ಹುಡುಕಿದಾಗ ಮೇಲುಗಡೆನೇ ದೊಡ್ಡ ಹಸಿರು ಬಟನ್ ಇತ್ತು. ಒತ್ತಿದೆ."

"ಆಮೇಲೆ ಕೇಳಿದ್ದಕ್ಕೆಲ್ಲ ನೆಕ್ಸ್ಟ್, ನೆಕ್ಸ್ಟ್ ಅಂತ ಒತ್ತಿರ್ತೀಯ."

"ಪುಕ್ಕಟೆ ತಾನೇ?"

"ಪುಕ್ಕಟೆ ಸಿಕ್ಕಿದ್ರೆ ನನಗೂ ಇರಲಿ, ನಮ್ಮಪ್ಪಂಗೂ ಇರಲಿ ಅಂತ. ಪುಕ್ಕಟೆ ತಗೊಂಡಿದ್ದು ತಪ್ಪಲ್ಲ ಅಣ್ಣ. ಮಾಡಿದವರ ಸ್ವಂತ ಪುಟದಿಂದ ತಗೋಬೇಕು, ಹಾಕ್ಕೊಳ್ಳುವಾಗ ಸಾಲು ಸಾಲು ಓದಿ ಬೇಡದ್ದರ ಟಿಕ್ ತೆಗೀಬೇಕು. ಈಗ ನೋಡು, ಒಬ್ಬನ್ನ ಕರೆದ್ರೆ ಮೂರು ಜನ ಬಂದು ಕೂತಿದ್ದಾರೆ. ಅದರಲ್ಲಿ ಇವನೊಬ್ಬ ಗೂಢಚಾರಿ. ನೀನು ಟೈಪ್ ಮಾಡಿದ್ದನ್ನೆಲ್ಲ ಓದಿ ಹೊರಗೆ ಮಾರ್ತಾನೆ. ಜಾಹೀರಾತು ಅದಕ್ಕೆ ತಕ್ಕ ಹಾಗೇ ಬರ್ತವೆ."

ಹೋದ ವಾರ ಕಿವಿ ಡಾಕ್ಟರಿಗೆ ಟೈಪ್ ಮಾಡಿ ಕಳಿಸಿದ ಉದ್ದನೆಯ ಪತ್ರ ಅವನಿಗೆ ನೆನಪಾಯಿತು. "ಅದು... ಒಬ್ಬ ಗಿರಾಕಿಗೋಸ್ಕರ ಏನೋ ಹುಡುಕಿದ್ದೆ," ಅಂದ.

ಅವಳು ಮೂವರನ್ನೂ ಒಬ್ಬೊಬ್ಬರಾಗಿ ಕಿತ್ತು ಹಾಕಿದಳು. ಸ್ಟೂಲು ಎಳೆದುಕೊಂಡು ಅವನ ಎಡಕ್ಕೆ ಬಂದು ಕೂತು, ಮಾಡಿದವರ ಪುಟದಿಂದಲೇ ಅದೇ ಸಾಫ್ಟ್‌ವೇರನ್ನು ಹೊಸದಾಗಿ ಇಳಿಸಿದಳು. ಪರದೆಯ ಮೇಲೆ ಮುಳ್ಳು ನಡುಗಿ ನಿಂತಿತು. ಜಾಹೀರಾತಿನ ಸುಳಿವಿಲ್ಲ. ಅವನು ಹೋದ ಜೀವ ಬಂದಂತೆ ಮುಳ್ಳನ್ನೇ ನೋಡುತ್ತ ಕೂತ.

ಸ್ವಲ್ಪ ಹೊತ್ತಿನ ಮೇಲೆ ತಿರುಗಿದರೆ, ತಂಗಿ ಕೈ ಕಟ್ಟಿಕೊಂಡು ಅವನನ್ನೇ ನೋಡುತ್ತಿದ್ದಳು.

"ಏನಾದರೂ ಅಂದೆಯಾ?"

"ಮೂರು ಸಲ ಕೇಳಿದೆ."

"ಏನಂತ?"

"ಎಷ್ಟು ದಿನದಿಂದ ಅಂತ."

ಅವನು ಲ್ಯಾಪ್‌ಟಾಪಿನ ಮುಚ್ಚಳ ಮುಚ್ಚಿದ. "ಒಂದು ವರ್ಷ ಆಯ್ತು."

"ಗುರುತು ಪರಿಚಯ ಇಲ್ಲದ ಆ ಗೂಢಚಾರಿಗೆ ಗೊತ್ತಾಯ್ತು. ನನಗೆ ಗೊತ್ತಾಗಲಿಲ್ಲ."

ಅವಳು ಎದ್ದಳು. ಸ್ಟೂಲನ್ನು ಎತ್ತಿಕೊಂಡು ಸುತ್ತಿ ಬಂದು, ಅವನ ಬಲಗಡೆಗೆ ಹಾಕಿಕೊಂಡು ಕೂತಳು.