ಅಪ್ಪನ ಮೊಹರು

ಇಂದಿರಾನಗರದ ಕೊರಿಯರ್ ಅಂಗಡಿಯಲ್ಲಿ ಸ್ಟಾಂಪ್ ಪ್ಯಾಡಿನ ಮುಚ್ಚಳ ತೆಗೆದರೆ ಸಾಕು, ಆ ಶಾಯಿಯ ವಾಸನೆಗೆ ಇವತ್ತಿಗೂ ನನ್ನ ಹಲ್ಲು ಕಚ್ಚಿಕೊಳ್ಳುತ್ತದೆ.

ಅಪ್ಪ ವಿಮಾನದ ಇಂಜಿನ್ ರಿಪೇರಿ ಮಾಡುವ ಒಂದು ಖಾಸಗಿ ವರ್ಕ್‌ಶಾಪಿನಲ್ಲಿ ಇನ್‌ಸ್ಪೆಕ್ಟರ್ ಆಗಿದ್ದರು. ಪ್ರತಿ ಇನ್‌ಸ್ಪೆಕ್ಟರಿಗೂ ತನ್ನದೇ ನಂಬರಿನ ಒಂದು ಮೊಹರು. ಅದು ಕಾಗದದ ಮೇಲೆ ಬಿದ್ದರೆ ಇಂಜಿನ್ ಪಾಸ್. ಬೇರೆಯವರ ಕೈಗೆ ಕೊಡುವಂತಿಲ್ಲ. ಅಪ್ಪ ಊಟಕ್ಕೆ ಬಂದಾಗಲೂ ಅದು ಜೇಬಿನಲ್ಲೇ ಇರುತ್ತಿತ್ತು. ನನಗೆ ಜ್ವರ ಏರಿದ ಒಂದು ದಿನ ಮಾತ್ರ, ಮೇಲಧಿಕಾರಿ ಕೇಳಿದರೆಂದು ಕೊಟ್ಟು ಮನೆಗೆ ಓಡಿಬಂದಿದ್ದರು.

ಅವತ್ತು ಆ ಮೊಹರು ಬಿದ್ದು ಪಾಸಾದ ಇಂಜಿನ್ ಆಕಾಶದಲ್ಲಿ ನಿಂತು, ಪ್ರಯಾಣಿಕರ ವಿಮಾನ ಬಿದ್ದುಹೋಯಿತು. ಅದಾದ ಮೂರನೆಯ ಮಧ್ಯಾಹ್ನ ಆ ಮೇಲಧಿಕಾರಿ ಹಲಸೂರಿನ ನಮ್ಮ ಮನೆಗೆ ಬಂದರು. ಇಸ್ತ್ರಿಯ ಬಿಳಿ ಅಂಗಿ, ನನಗೆಂದು ನಾಲ್ಕು ಮೂಸಂಬಿ. ಬರೆದು ತಂದಿದ್ದ ಕಾಗದ, ಇನ್ನೂ ವಾಪಸ್ ಕೊಡದಿದ್ದ ಅಪ್ಪನ ಮೊಹರು, ಶಾಯಿ ಪ್ಯಾಡು ಎಲ್ಲವನ್ನೂ ಟೀಪಾಯಿಯ ಮೇಲಿಟ್ಟರು.

“ಇಂಜಿನ್ ನೀನೇ ನೋಡಿದ್ದೆ ಅಂತ ಇದಕ್ಕೊಂದು ಹಾಕ್ಬಿಡು. ಸ್ಟಾಂಪ್ ನಿಂದೇ ತಾನೇ?”

“ನೀವು ಬಿಚ್ಚಿ ನೋಡಿದ್ರಾ ಸಾರ್?” ಅಪ್ಪ ಕೇಳಿದರು.

“ಟೈಮೆಲ್ಲಿತ್ತಯ್ಯಾ?”

ಸೊಪ್ಪು ಬಿಡಿಸುತ್ತಿದ್ದ ಅಮ್ಮ ಸೆರಗಿಗೆ ಕೈ ಒರೆಸಿಕೊಂಡು ಎದ್ದಳು. ಮೊಹರನ್ನು ಶಾಯಿಗೆ ಒತ್ತಿ, ಆ ಬಿಳಿ ಅಂಗಿಯ ಎದೆಗೆ ಗುದ್ದಿದಳು.

“ನಿಮ್ಮನ್ನೂ ನೋಡ್ದೇನೇ ಪಾಸ್ ಮಾಡಿದೀನಿ. ಏಳ್ರೀ, ಹೊರಡ್ರಿ!”

ಅವರು ಮೆಟ್ಟಿಲಿಳಿದ ಮೇಲೆ ಅಪ್ಪ ಊಟ ಮಾಡುವ ಬಲಗೈಯನ್ನು ಅಮ್ಮನ ಮುಂದೆ ಚಾಚಿದರು.

“ಕೊಟ್ಟೋನು ನಾನು. ನಂಗೂ ಹಾಕು.”

ಬೇಡ ಅನ್ನುತ್ತಾಳೆ ಅಂದುಕೊಂಡೆ. ಅಮ್ಮ ಮೊಹರನ್ನು ಮತ್ತೆ ಶಾಯಿಗೆ ಒತ್ತಿ, ಅಪ್ಪನ ಅಂಗೈ ನಡುವೆ ಇನ್ನೂ ಜೋರಾಗಿ ಗುದ್ದಿದಳು.