ಗುಡುಗಪ್ಪನ ಹಿಂಗಾಲು

ಅರವತ್ತಕ್ಕೆ ಹತ್ತಿರವಾದ ಇಬ್ಬರು ಹೆಂಗಸರು ಒಂದೇ ಆನೆಯ ವೇಷದೊಳಗೆ ಹೊಕ್ಕರೆ ನೋಡಿದವರು ಏನಂದಾರು ಹೇಳಿ…

ಮೈಸೂರಿನ ಇಂದುಮತಿ ಮತ್ತು ವಾರಿಜಾ ಮಾತ್ರ ಹೊಕ್ಕೇಬಿಟ್ಟರು!

ಇಬ್ಬರೂ ಲಂಗ-ದಾವಣಿ ಕಾಲದ ಗೆಳತಿಯರು. ಆಗ ವಾರಪತ್ರಿಕೆಯೊಂದರಲ್ಲಿ ‘ಗುಡುಗಪ್ಪ’ ಅಂತ ಒಂದು ನೀಲಿ ಆನೆಯ ಕಾಮಿಕ್ಸ್ ಬರುತ್ತಿತ್ತು. ಬೆಟ್ಟವನ್ನೇ ಎತ್ತಿ ಪಕ್ಕಕ್ಕಿಡುವ ಆನೆ… ಇಲಿ ಕಂಡರೆ ಮಾತ್ರ ಹಿಂದು ಹಿಂದಕ್ಕೆ ನಡೆದು ಪರಾರಿ!

ಒಂದೇ ಪ್ರತಿಗೆ ಇಬ್ಬರೂ ಕಿತ್ತಾಡಿ, ಕೊನೆಗೆ ತಲೆಗೆ ತಲೆ ತಾಗಿಸಿಕೊಂಡು ಓದುತ್ತಿದ್ದರು.

ಈಗ ಇಂದುಮತಿಗೆ ಓದಲು ಆಗುವುದಿಲ್ಲ. ಗ್ಲಾಕೋಮಾ ಅವರ ಕಣ್ಣನ್ನು ಮೆಲ್ಲಮೆಲ್ಲಗೆ ತಿಂದುಹಾಕಿದೆ. ಬೆಳಕು ಯಾವುದು, ಕತ್ತಲೆ ಯಾವುದು ಅಂತ ಗೊತ್ತಾಗುತ್ತದೆ, ಅಷ್ಟೇ.

ಕಳೆದ ವರ್ಷ ಒಂದು ಮದುವೆಮನೆಯಲ್ಲಿ ಅವರು ಬಡಿಸುವವರಿಗೆ ಡಿಕ್ಕಿ ಹೊಡೆದು, ಸಾರಿನ ಬಕೆಟ್ ಉರುಳಿಹೋಯಿತು. “ಕಣ್ಣು ಕಾಣದವ್ರನ್ನ ಯಾಕಾದ್ರೂ ಕರ್ಕೊಂಡ್ ಬರ್ತಾರೋ…” ಅಂತ ಯಾರೋ ಗೊಣಗಿದರು. ಇಂದುಮತಿಯ ಕಿವಿಗೇನೂ ತೊಂದರೆ ಇರಲಿಲ್ಲವಲ್ಲ!

ಅಂದಿನಿಂದ ಅವರು ಮನೆಯ ಹೊಸ್ತಿಲು ದಾಟಲಿಲ್ಲ. ಸ್ವಂತ ತಂಗಿಯ ಮಗಳ ಮದುವೆ ಗೊತ್ತಾದಾಗಲೂ “ನಾನು ಬರಲ್ಲ, ಇಲ್ಲಿಂದಲೇ ಆಶೀರ್ವಾದ ಮಾಡ್ತೀನಿ” ಅಂದುಬಿಟ್ಟರು.

ಹೀಗಿರುವಾಗ ಒಂದು ದಿನ ವಾರಿಜಾ ಏದುಸಿರು ಬಿಡುತ್ತಾ ಬಂದರು.

“ಬೆಂಗಳೂರಲ್ಲಿ ಕಾಮಿಕ್ಸ್ ಅಭಿಮಾನಿಗಳ ಮೇಳ ಅಂತೆ ಕಣೇ! ಇಷ್ಟದ ಪಾತ್ರದ ವೇಷ ಹಾಕ್ಕೊಂಡು ಹೋಗ್ಬೇಕು. ನಾವು ಗುಡುಗಪ್ಪ ಆಗೋಣ!”

“ತಲೆ ಕೆಟ್ಟಿದೆಯೇನೇ ನಿಂಗೆ? ನಾನು ಹೇಗೆ ಬರ್ಲಿ?”

“ನಾನು ಮುಂಗಾಲು, ನೀನು ಹಿಂಗಾಲು. ಬಗ್ಗಿ ನನ್ನ ಸೊಂಟ ಹಿಡ್ಕೊಂಡ್ರೆ ಆಯ್ತು. ಹಿಂಗಾಲಿಗೆ ಕಣ್ಣು ಯಾಕೇ ಬೇಕು?”

ಇಂದುಮತಿಗೆ ಎಷ್ಟೋ ದಿನಗಳ ಮೇಲೆ ನಗು ಉಕ್ಕಿ ಬಂತು. ಆದರೂ ಒಂದು ಷರತ್ತು ಹಾಕಿದರು.

“ಅಲ್ಲಿ ನನ್ನಿಂದ ಏನಾದ್ರೂ ಎಡವಟ್ಟಾದ್ರೆ… ಆಮೇಲೆ ನೀನು ನನ್ನನ್ನ ಎಲ್ಲಿಗೂ ಕರೀಬಾರ್ದು. ಯಾವತ್ತೂ.”

“ಆಯ್ತು ಬಿಡೇ,” ಅಂದರು ವಾರಿಜಾ. ದನಿ ಮಾತ್ರ ಸ್ವಲ್ಪ ಇಳಿದಿತ್ತು.

ನೀಲಿ ಬೆಡ್‌ಶೀಟ್ ಹೊಲಿದು ಮೈ ಆಯಿತು. ಬಟ್ಟೆ ಒಗೆಯುವ ಬುಟ್ಟಿಯೇ ತಲೆ, ಅಡುಗೆಮನೆಯ ಎರಡು ಮೊರಗಳೇ ಕಿವಿ, ವಾಷಿಂಗ್ ಮೆಷಿನ್ ಪೈಪಿಗೆ ಬಟ್ಟೆ ಸುತ್ತಿ ಸೊಂಡಿಲು! ವಾರಿಜಾ ಅವರ ಕೈಗಳೆರಡೂ ಆ ಸೊಂಡಿಲೊಳಗೇ ಸಿಕ್ಕಿಕೊಂಡಿರುತ್ತಿದ್ದವು.

ಮೇಳದ ಹಾಲ್‌ನಲ್ಲಿ ಕಾಲಿಡಲು ಜಾಗವಿರಲಿಲ್ಲ. ತಗಡಿನ ರೋಬೋಟ್ ಒಂದು ಆನೆಯ ಬೆನ್ನಿಗೆ ಗುದ್ದಿ “ಸಾರಿ ಆನೆ, ಹೆಲ್ಮೆಟ್ಟಲ್ಲಿ ಏನೂ ಕಾಣಲ್ಲ!” ಅಂದಿತು. ರೆಕ್ಕೆ ಕಟ್ಟಿಕೊಂಡವರು, ಮುಖವಾಡ ಹಾಕಿಕೊಂಡವರು, ಎಲ್ಲರೂ ಒಬ್ಬರಿಗೊಬ್ಬರು ಡಿಕ್ಕಿ ಹೊಡೆಯುತ್ತಾ, ನಗುತ್ತಾ ಹೋಗುತ್ತಿದ್ದರು.

ಬೆಡ್‌ಶೀಟಿನ ಕತ್ತಲಲ್ಲಿ ಬಗ್ಗಿದ್ದ ಇಂದುಮತಿಗೆ ಆರಾಮ ಅನ್ನಿಸಿತು. ಇಲ್ಲಿ ಡಿಕ್ಕಿ ಹೊಡೆಯದವರೇ ಇಲ್ಲವಲ್ಲ…

ವೇದಿಕೆಗೆ ಕರೆ ಬಂತು. ಪಕ್ಕದ ಇಳಿಜಾರಿನಿಂದ ಆನೆ ಮೇಲೆ ಹತ್ತಿತು. ಇಳಿಜಾರು ಮುಗಿಯುವಲ್ಲೇ ದೊಡ್ಡ ಕೂಲರ್ ಒಂದರ ತಣ್ಣನೆ ಗಾಳಿ ಇಂದುಮತಿಯ ಕಾಲಿಗೆ ಬಡಿಯಿತು. ಪಾದದಡಿ ಒರಟು ಕಾರ್ಪೆಟ್. ಅದರಾಚೆ ಬರೀ ಹಲಗೆ, ಕಾಲಿಟ್ಟರೆ ಧಬ್ ಧಬ್ ಅನ್ನುತ್ತಿತ್ತು.

ಕಣ್ಣು ಹೋದ ಮೇಲೆ ಅವರಿಗೆ ಇದೇ ಅಭ್ಯಾಸ. ಹೋದ ದಾರಿಯನ್ನು ಕಾಲು ನೆನಪಿಟ್ಟುಕೊಳ್ಳುತ್ತಿತ್ತು.

ವಾರಿಜಾ ಜನರಿಗೆ ಸೊಂಡಿಲೆತ್ತಿ, ಬಗ್ಗಿ ನಮಸ್ಕಾರ ಮಾಡಿದರು…

ಅಷ್ಟೇ! ಬುಟ್ಟಿ ಸರ್ರನೆ ಜಾರಿತು. ಕಣ್ಣಿನ ತೂತುಗಳು ಗಲ್ಲಕ್ಕೆ ಬಂದು ಕೂತವು.

“ಇಂದೂ… ಏನೂ ಕಾಣಿಸ್ತಿಲ್ಲ ಕಣೇ! ಕೈ ಬೇರೆ ಸಿಕ್ಕಾಕ್ಕೊಂಡಿದೆ. ಮುಂದೆ ವೇದಿಕೆ ಅಂಚು… ಬಿದ್ದೇಹೋಗ್ತೀವಿ!” ವಾರಿಜಾ ಬುಟ್ಟಿಯೊಳಗಿಂದಲೇ ಪಿಸುಗುಟ್ಟಿದರು.

ಒಂದು ಕ್ಷಣ ಇಂದುಮತಿಗೆ ಆ ಸಾರಿನ ಬಕೆಟ್ ನೆನಪಾಯಿತು.

ಆಮೇಲೆ ಅವರಿಗೇ ಆಶ್ಚರ್ಯವಾಗುವಷ್ಟು ಶಾಂತವಾಗಿ ಹೇಳಿದರು, “ನಂಗೂ ಕಾಣಿಸ್ತಿಲ್ಲ. ಅದಕ್ಕೆ ಯಾಕೇ ಗಾಬರಿ? ಉಸಿರು ಬಿಡು. ನಾನು ಎಳೆದ ಹಾಗೆ ಹಿಂದಕ್ಕೆ ಬಾ.”

ಸೊಂಟ ಗಟ್ಟಿಯಾಗಿ ಹಿಡಿದು ಒಂದು ಹೆಜ್ಜೆ ಹಿಂದಿಟ್ಟರು. ಕಾರ್ಪೆಟ್. ಇನ್ನೊಂದು… ಹಲಗೆ ಧಬ್ ಅಂದಿತು. ತಕ್ಷಣ ಕಾಲು ಒಳಕ್ಕೆಳೆದುಕೊಂಡರು. ಮತ್ತೆ ಕಾರ್ಪೆಟ್. ಕೂಲರಿನ ಗಾಳಿ ಕಾಲಿಗೆ ತಾಗುತ್ತಲೇ ಇಳಿಜಾರಿಗೆ ತಿರುಗಿದರು.

ನೀಲಿ ಆನೆ ಬಾಲ ಮುಂದೆ ಮಾಡಿಕೊಂಡು ಹಿಂದು ಹಿಂದಕ್ಕೆ ನಡೆದು ಇಳಿಯಿತು!

ಮರುಕ್ಷಣ ಹಳೆಯ ಓದುಗರೊಬ್ಬರು ಕೂಗಿದರು, “ಇಲಿ! ಗುಡುಗಪ್ಪ ಇಲಿ ನೋಡ್ಬಿಟ್ಟ!” ಶಿಳ್ಳೆ, ಚಪ್ಪಾಳೆ, ನಗು… ಇದೆಲ್ಲ ಬೇಕೆಂದೇ ಮಾಡಿದ ಅಭಿನಯ ಅಂತ ಎಲ್ಲರೂ ನಂಬಿಬಿಟ್ಟರು!

ಕೆಳಗೆ ಯಾರೋ ಬುಟ್ಟಿ ಎತ್ತಿದರು. ವಾರಿಜಾ ಗೆಳತಿಯನ್ನು ತಬ್ಬಿಕೊಂಡು ಬಿಕ್ಕಿ ಬಿಕ್ಕಿ ಅತ್ತರು. “ನಾನು ನಿನ್ನನ್ನ ಕರ್ಕೊಂಡ್ ಬಂದೆ ಅಂದ್ಕೊಂಡಿದ್ದೆ ಕಣೇ… ಇವತ್ತು ನೀನು ನನ್ನನ್ನ ಕರ್ಕೊಂಡ್ ಬಂದೆ.”

ಇಂದುಮತಿಯ ಕಣ್ಣೂ ತುಂಬಿತು. ನೋಡಲು ಆಗದಿದ್ದರೇನು, ಅಳಲು ಆ ಕಣ್ಣುಗಳಿಗೆ ಚೆನ್ನಾಗಿಯೇ ಬರುತ್ತಿತ್ತು.

ಬಹುಮಾನ ಆ ತಗಡಿನ ರೋಬೋಟ್‌ಗೆ ಹೋಯಿತು. ಇವರಿಬ್ಬರಿಗೆ ಅದರ ಖಬರೇ ಇರಲಿಲ್ಲ. ವಾಪಸ್ ಬರುವಾಗ ರೈಲಿನಲ್ಲಿ ಮದ್ದೂರು ವಡೆ ಮುರಿಯುತ್ತಾ ಇಂದುಮತಿ ಹೇಳಿದರು, “ತಂಗಿ ಮಗಳ ಮದುವೆಗೆ ಯಾವ ಸೀರೆ ಉಡ್ಲಿ?”

ವಾರಿಜಾ ಅವರ ಬಾಯಲ್ಲಿದ್ದ ವಡೆ ಅಲ್ಲೇ ನಿಂತಿತು. ಇಂದುಮತಿ ಮಾತು ಮುಂದುವರಿಸಿದರು.

“ಮತ್ತೆ ಮುಂದಿನ ವರ್ಷ ಮೇಳದಲ್ಲಿ ನಾನೇ ತಲೆ. ದಾರಿ ನಾನು ನೋಡ್ಕೋತೀನಿ… ನೀನು ಬಾಲ ನೋಡ್ಕೋ!”

🌸

ನಾವು ಯಾರ ಕೈ ಹಿಡಿದು ನಡೆಸುತ್ತಿದ್ದೇವೆ ಅಂದುಕೊಂಡಿರುತ್ತೇವೋ, ನಮಗೆ ಕತ್ತಲು ಕವಿದಾಗ ದಾರಿ ಗೊತ್ತಿರುವುದು ಅವರಿಗೇ.

“ಪಾಪ, ಅವರಿಗೆ ಆಗಲ್ಲ ಬಿಡಿ” ಅಂತ ನೀವು ಮನೆಯಲ್ಲೇ ಬಿಟ್ಟು ಹೊರಡುವವರು ಯಾರು? ಈ ಸಲ ಅವರನ್ನು ಒಂದು ಮಾತು ಕರೆದು ನೋಡುತ್ತೀರಾ…?