ಕೈಪಿಡಿಗೆ ಬದಲಾವಣೆ ಬೇಕಿಲ್ಲ

"ಸಹಿ ಹಾಕಲ್ಲ ಸರ್," ಎಂದು ಕೈಪಿಡಿ ಬರೆಯುವವಳು ಹಾಳೆಯನ್ನು ಮ್ಯಾನೇಜರ ಕಡೆಗೆ ತಳ್ಳಿದಳು.

ಉಸಿರಾಟದ ತೊಂದರೆ ಇರುವವರು ಮನೆಯಲ್ಲೇ ಇಟ್ಟುಕೊಳ್ಳುವ ಆಮ್ಲಜನಕದ ಯಂತ್ರಗಳು ಕೆಳಗೆ ಗೋದಾಮಿನಲ್ಲಿ ಡಬ್ಬ ಸೇರಿ ಕೂತಿದ್ದವು. ಸಂಜೆಗೆ ಲಾರಿ ಬರುವುದಿತ್ತು. ಪ್ರತಿ ಡಬ್ಬದಲ್ಲೂ ಅವಳು ಬರೆದ ಕೈಪಿಡಿ ಹೋಗಬೇಕು, ಅದು ಸರಿಯಾಗಿದೆ ಎಂದು ಅವಳೇ ಸಹಿ ಹಾಕಬೇಕು. ಹಾಕದಿದ್ದರೆ ಒಂದು ಡಬ್ಬವೂ ಹೊರಗೆ ಹೋಗುವಂತಿಲ್ಲ. ಇತ್ತ ಅವಳ ಕೆಲಸದ ಕರಾರು ಮುಗಿಯುತ್ತ ಬಂದಿತ್ತು. ಅದನ್ನು ಮುಂದುವರಿಸಬೇಕಾದವರೂ ಎದುರಿಗೆ ಕೂತ ಇದೇ ಮ್ಯಾನೇಜರು. ಅತ್ತ ದರಿ, ಇತ್ತ ಪುಲಿ.

"ಕೊನೇ ಗಳಿಗೇಲಿ ಇದೇನಮ್ಮಾ ರಗಳೆ?"

"ಮೆಷಿನ್ನಿನ ಎಚ್ಚರಿಕೆ ಗಂಟೆ ಹೊಡೆದ್ರೆ, ನಿಲ್ಲಿಸೋಕೆ ಹಳದಿ ಗುಂಡಿ ಒತ್ತಿ ಅಂತ ಬರೆದಿದ್ದೀನಿ ಸರ್. ಈಗ ತಾನೇ ಒತ್ತಿ ನೋಡಿದೆ. ನಿಲ್ಲಲ್ಲ. ಯಾರೋ ಬದಲಾಯಿಸಿದ್ದಾರೆ, ನನಗೊಂದು ಮಾತು ಹೇಳಿಲ್ಲ."

ಮ್ಯಾನೇಜರು ಪ್ರೋಗ್ರಾಮರನ್ನು ಕರೆಸಿದರು. ಹೆಡ್‌ಫೋನನ್ನು ಕೊರಳಿಗೆ ಇಳಿಸಿಕೊಂಡು ಅವನು ಬಂದ. ಅವಳು ಅವನಿಗೆ ದಿನವೂ ಮೇಡಂ. ಏನಾದರೂ ತಪ್ಪಿಸಿಕೊಳ್ಳಬೇಕಾದಾಗ ಮಾತ್ರ ಅಕ್ಕ.

"ಅಯ್ಯೋ ಅಕ್ಕಾ, ಅದು ಚಿಕ್ಕ ಬದಲಾವಣೆ. ಮಕ್ಕಳು ಸುಮ್‌ಸುಮ್ನೆ ಒತ್ತಿಬಿಡ್ತಾರೆ ಅಂತ ಹಳದಿ, ನೀಲಿ ಎರಡೂ ಒಟ್ಟಿಗೆ ಒತ್ತೋ ಹಾಗೆ ಮಾಡಿದೆ. ಅಷ್ಟೇ."

"ಅಷ್ಟೇ ಅಂತೆ! ಕೈಪಿಡಿಗೆ ಬದಲಾವಣೆ ಬೇಕಾ ಅಂತ ಕಂಪ್ಯೂಟರ್ ಕೇಳಲಿಲ್ವಾ ನಿನ್ನನ್ನ?"

ಕೇಳುವುದೇನೋ ಕೇಳುತ್ತದೆ. ಪ್ರೋಗ್ರಾಮರುಗಳು ಒಂದು ಕೆಲಸ ಮುಗಿಸಿದಾಗಲೆಲ್ಲ ಕೇಳುತ್ತದೆ. 'ಬೇಕು' ಎಂದರೆ ಕೆಲಸ ಅವಳ ಬಳಿ ಹೋಗುತ್ತದೆ, ಅವಳು ಬರೆದು ಮುಗಿಸುವ ತನಕ ಮುಗಿದ ಲೆಕ್ಕಕ್ಕೆ ಬರುವುದಿಲ್ಲ. 'ಬೇಡ' ಎಂದರೆ ಅಲ್ಲಿಗೆ ಮುಕ್ತಾಯ, ಕೈ ತೊಳೆದುಕೊಂಡು ಮನೆಗೆ ಹೋಗಬಹುದು. ಹೀಗಾಗಿ ಈ ಪುಣ್ಯಾತ್ಮ, ಯಾರೂ ಏನೂ ಒತ್ತದಿದ್ದರೆ ಉತ್ತರ ತಾನಾಗಿ 'ಬೇಡ' ಎಂದು ಬೀಳುವ ಹಾಗೆ ಮಾಡಿಟ್ಟಿದ್ದ. ಎಲ್ಲರ ಸಮಯ ಉಳಿಸಿದ ಎಂದು ಮೀಟಿಂಗಿನಲ್ಲಿ ಚಪ್ಪಾಳೆಯೂ ಸಿಕ್ಕಿತ್ತು. ಅಂದಿನಿಂದ ಅವಳು ಮೇಜಿಂದ ಮೇಜಿಗೆ ಅಲೆದು "ಏನಾದರೂ ಬದಲಾಗಿದೆಯಾ?" ಎಂದು ಬೇಡುತ್ತಿದ್ದಳು. ಮುಂದಕ್ಕೆ ಹೋಗಮ್ಮಾ ಎನ್ನುವುದೊಂದು ಬಾಕಿ.

"ಆಯ್ತಲ್ಲ, ಗೊತ್ತಾಯ್ತಲ್ಲ," ಎಂದರು ಮ್ಯಾನೇಜರು. "ಹಳದಿ ಜೊತೆ ನೀಲಿ ಅಂತ ಸೇರಿಸಿ, ಸಹಿ ಹಾಕಿ."

"ಒಂದ್ಸಲ ಮಾಡಿ ತೋರಿಸಲಿ ಸರ್. ಕಣ್ಣಾರೆ ನೋಡದೆ ಬರೆಯಲ್ಲ."

ಅವಳು ಹೋಗಿ ತನ್ನ ಮೇಜಿನ ಮೇಲಿದ್ದ ಯಂತ್ರವನ್ನೇ ಹೊತ್ತು ತಂದು, ಚಾಲೂ ಮಾಡಿ, ಗಾಳಿ ಬರುವ ಕೊಳವೆಯನ್ನು ಒಂದು ಕ್ಷಣ ಮಡಚಿ ಬಿಟ್ಟಳು. ಗಂಟೆ ಹೊಡೆದುಕೊಳ್ಳತೊಡಗಿತು. ಗಾಜಿನ ಬಾಗಿಲಾಚೆ ತಲೆಗಳು ಎದ್ದವು. ಪ್ರೋಗ್ರಾಮರ್ ನಗುತ್ತಲೇ ಎರಡು ಗುಂಡಿ ಒಟ್ಟಿಗೆ ಒತ್ತಿದ. ಗಂಟೆ ನಿಲ್ಲಲಿಲ್ಲ. ಇನ್ನೂ ಗಟ್ಟಿಯಾಗಿ ಒತ್ತಿದ. ಬೆರಳು ಬದಲಾಯಿಸಿ ಒತ್ತಿದ.

"ಈ ಮೆಷಿನ್ನೇ ಸರಿ ಇಲ್ಲ."

ಕುಣಿಯಲಾರದವರಿಗೆ ನೆಲ ಯಾವಾಗಲೂ ಡೊಂಕು.

"ಅಥವಾ ನಾನು ಮಾಡಿದ್ದನ್ನ ನನ್ನ ಪಕ್ಕದವನು ಮತ್ತೆ ಬದಲಾಯಿಸಿರಬೇಕು," ಎಂದ, ಈಗ ನಗದೆ. "ಅವನು ರಜೆ. ಫೋನೂ ಎತ್ತಲ್ಲ."

"ಅವನಾದ್ರೂ ಹೇಳಬೇಕಿತ್ತಲ್ಲಪ್ಪಾ!"

"ತಾನಾಗೇ 'ಬೇಡ' ಅಂತ ಬಿದ್ದಿರುತ್ತೆ ಅಕ್ಕಾ..."

ಅವಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಮ್ಯಾನೇಜರು ಒಂದು ಕಿವಿ ಮುಚ್ಚಿಕೊಂಡು ಗಂಟೆಯ ಸದ್ದಿನ ಮೇಲೆ ಕೂಗಿದರು: "ಹೀಗೆ ಮಾಡಿ. 'ಕೈಪಿಡಿಯಲ್ಲಿ ಹೇಳಿರುವುದಕ್ಕೂ ನಿಮ್ಮ ಯಂತ್ರಕ್ಕೂ ವ್ಯತ್ಯಾಸ ಇರಬಹುದು' ಅಂತ ಮೊದಲ ಪುಟದಲ್ಲೇ ಒಂದು ಸಾಲು ಹಾಕಿಬಿಡಿ. ಆಮೇಲೆ ಯಾರೂ ನಮ್ಮನ್ನ ಕೇಳೋ ಹಾಗಿಲ್ಲ."

"ಇದನ್ನ ಓದೋರು ಯಾರು ಗೊತ್ತಾ ಸರ್? ಗಂಡನ ಮಂಚದ ಪಕ್ಕ ಒಬ್ಬರೇ ಕೂತಿರೋ ಯಾವುದೋ ಅಜ್ಜಿ. ಗಂಟೆ ಹೀಗೆ ಬಡ್ಕೋತಾ ಇದೆ, ಕೈಯಲ್ಲಿ ನಮ್ಮ ಕೈಪಿಡಿ. ನಿಮ್ಮ ಸಾಲು ಓದಿದ ಮೇಲೆ ಅವರು ಯಾವ ಗುಂಡಿ ಒತ್ತಬೇಕು?"

ಮ್ಯಾನೇಜರು ಪ್ರೋಗ್ರಾಮರನ ಮುಖ ನೋಡಿದರು. ಪ್ರೋಗ್ರಾಮರ್ ಇದ್ದಬದ್ದ ಗುಂಡಿಗಳನ್ನೆಲ್ಲ ಒತ್ತಿ ಮುಗಿಸಿದ್ದ. ಹೊರಗಿನಿಂದ ಯಾರೋ "ನಿಲ್ಸ್ರಪ್ಪಾ ಅದನ್ನ!" ಎಂದು ಕಿರುಚಿದರು. ಅವನಿಗೆ ದಿಕ್ಕೇ ತೋಚಲಿಲ್ಲ. ಮಂಡಿಯೂರಿ ಮೇಜಿನ ಕೆಳಗೆ ತೂರಿ, ಪ್ಲಗ್ ಹಿಡಿದು ಎಳೆದೇಬಿಟ್ಟ.

ಗಂಟೆ ನಿಂತಿತು. ಯಂತ್ರವೂ ನಿಂತಿತು.

"ಅಬ್ಬ, ಸದ್ಯ," ಎಂದು ಮ್ಯಾನೇಜರು ಕುರ್ಚಿಗೆ ಒರಗಿದರು.

ಅವಳು ಕೊಳವೆಯ ತುದಿಯನ್ನು ಎತ್ತಿ ಅವರ ಅಂಗೈಗೆ ಹಿಡಿದಳು. ಗಾಳಿ ಬರುತ್ತಿರಲಿಲ್ಲ.

"'ಗಂಟೆ ನಿಲ್ಲದಿದ್ದರೆ ಪ್ಲಗ್ ಕಿತ್ತುಹಾಕಿ' ಅಂತ ಬರೆದು ಸಹಿ ಹಾಕಲಾ ಸರ್?"